ಬರಿಗಾಲಲ್ಲಿ ತುಳಿದ ಎಕೋ

ನಮ್ಮ ಮಾಸ್ಟರ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಸಹವಾಸವೇ ಬೇಡವೆಂಬಂತೆ ಹೊರಕ್ಕೆ ವಾಲಿತ್ತು. ಉಗುರು ನಡುವೆ ಸೀಳಿ, ಅಂಚಿನಲ್ಲಿ ಕಪ್ಪಗಾಗಿತ್ತು. ಗಿಟಾರನ್ನು ಹೆಗಲಿಗೆ ಏರಿಸುವ ಮೊದಲು ಅವರು ಚಪ್ಪಲಿ ಕಳಚಿ, ಆ ಬೆರಳನ್ನು ಎರಡು ಸಲ ಮಡಚಿ ಬಿಡಿಸುತ್ತಿದ್ದರು. ಆಮೇಲೆ ನೆಲದ ಮೇಲಿದ್ದ, ಸೋಪಿನ ಡಬ್ಬಿಯಷ್ಟು ದೊಡ್ಡದಾದ ನೀಲಿ ಪೆಡಲ್ಲಿನ ಮೇಲೆ ಅದನ್ನು ಊರುತ್ತಿದ್ದರು. ಚಳ್ಳಕೆರೆಯ ಆರ್ಕೆಸ್ಟ್ರಾದವರ ಬಾಯಲ್ಲಿ ಇಷ್ಟೊಂದು ಬೈಗುಳ ತಿಂದ ಬೆರಳು ಇನ್ನೊಂದಿರಲಾರದು.

ಮಾಸ್ಟರು ಮೊಳಕಾಲ್ಮೂರಿನ ನೇಕಾರರ ಮನೆಯವರು. ಇಪ್ಪತ್ತು ವರ್ಷ ತುಂಬುವವರೆಗೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯ್ದು, ಆಮೇಲೆ ಗಿಟಾರ್ ಹಿಡಿದು ಚಳ್ಳಕೆರೆಗೆ ಬಂದವರು. ಒಂದು ಎಣ್ಣೆ ಮಿಲ್ಲಿನ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಸಂಸಾರ, ಅದರ ಮುಂದಿನ ತಗಡಿನ ಶೆಡ್ಡಿನಲ್ಲಿ ನಮ್ಮ ಪ್ರಾಕ್ಟೀಸು. ಜಗಳ ಅವರಿಗೆ ಆಗಿಬರುತ್ತಿರಲಿಲ್ಲ. ಡ್ರಮ್ಸಿನವನು ತಡವಾಗಿ ಬಂದರೂ, ಟೆಂಪೋ ಕೈಕೊಟ್ಟರೂ, ಊಟಕ್ಕೆ ಕರೆದವರು ಬರೀ ಮಜ್ಜಿಗೆ ಕೊಟ್ಟು ಕಳಿಸಿದರೂ ಒಂದೇ ಮಾತು: "ಪೋನೀ ಬಿಡು." ಹೋಗಲಿ ಬಿಡು ಎಂಬುದಕ್ಕೆ ನಮ್ಮ ಕಡೆಯ ತೆಲುಗು. ನಾವು ಬೆನ್ನ ಹಿಂದೆ ಅವರನ್ನು ಪೋನೀ ಮಾಸ್ಟರು ಎಂದೇ ಕರೆಯುತ್ತಿದ್ದೆವು. ಅಂಥ ಮನುಷ್ಯ ಒಂದೇ ಒಂದು ವಿಷಯದಲ್ಲಿ ಮಾತ್ರ ಪೋನೀ ಅನ್ನಲಿಲ್ಲ. ಅದು ನನ್ನ ವಿಷಯ, ಆ ಪೆಡಲ್ಲಿನ ವಿಷಯ.

ನಾನು ರಾಂಪುರದ ಕಡೆಯವಳು. ಅವ್ವ ಅಪ್ಪ ಇಬ್ಬರೂ ಕೂಲಿಗೆ ಹೋಗುವವರು. ಹುಡುಗಿ ಮೈಕ್ ಹಿಡಿದು ನಿಲ್ಲುವುದೆಂದರೆ ನಮ್ಮ ಬೀದಿಯಲ್ಲಿ ಸಣ್ಣ ಮಾತಲ್ಲ. ಅಪ್ಪ ನನ್ನನ್ನು ಮಾಸ್ಟರ ಮುಂದೆ ನಿಲ್ಲಿಸಿ ಷರತ್ತು ಹಾಕಿದ: "ನೋಡ್ರಿ, ಒಂದು ದೂರು ಬಂದ್ರೂ ಹಾಡು ಬಂದ್. ಇವಳು ನಮ್ ಜೊತೆ ಕಡ್ಲೇಕಾಯಿ ಬಿಡ್ಸಕ್ಕೆ ಬರ್ತಾಳೆ." ಮಾಸ್ಟರು ತಲೆಯಾಡಿಸಿದರು. ನನಗಂತೂ ಹಾಡು ಬಿಟ್ಟರೆ ಬದುಕಿನಲ್ಲಿ ಬೇರೆ ಏನೂ ಬೇಕಿರಲಿಲ್ಲ.

ಆಗ ಶೆಡ್ಡಿನಲ್ಲಿ ರಾಜನ ಹಾಗೆ ಕೂತಿದ್ದುದು ಎಕೋ ಪೆಟ್ಟಿಗೆ. ಗಿಟಾರಿನಲ್ಲಿ ಒಂದು ಸ್ವರ ಮೀಟಿದರೆ ಅದು ಸ್ವಲ್ಪ ತಡೆದು ಮತ್ತೆ ಕೇಳಿಸಬೇಕು, ಇನ್ನೂ ಮೆಲ್ಲಗೆ ಮತ್ತೊಮ್ಮೆ ಕೇಳಿಸಬೇಕು. ಅದಕ್ಕಾಗಿ ಆ ಪೆಟ್ಟಿಗೆಯೊಳಗೆ ಒಂದು ಟೇಪು ಸದಾ ಸುತ್ತುತ್ತಿತ್ತು. ಅದಕ್ಕೊಂದು ಸ್ಟೂಲು, ಸ್ಟೂಲಿಗೊಂದು ಕೆಂಪು ವಸ್ತ್ರ. ಕೀಬೋರ್ಡ್ ನುಡಿಸುವ ಅಣ್ಣ ಪ್ರತಿ ಆಯುಧಪೂಜೆಗೂ ಭಕ್ತಿ ಹೆಚ್ಚಾಗಿ ಟೇಪು ಓಡುವ ಜಾಗಕ್ಕೇ ಕುಂಕುಮ ಹಚ್ಚಿಬಿಡುತ್ತಿದ್ದ. ಪೆಟ್ಟಿಗೆಗೆ ಗಂಟಲು ಕಟ್ಟುತ್ತಿತ್ತು. ಮಾಸ್ಟರು ಎರಡು ದಿನ ಹತ್ತಿಗೆ ಸ್ಪಿರಿಟ್ ಹಾಕಿಕೊಂಡು ಒರೆಸುತ್ತಾ "ಪೋನೀ ಬಿಡು, ದೇವ್ರಿಗೆ ತಾನೆ ಹಚ್ಚಿದ್ದು" ಎನ್ನುತ್ತಿದ್ದರು. ಪೆಟ್ಟಿಗೆಯ ದನಿ ಚೆನ್ನಾಗಿರಲಿಲ್ಲ ಎಂದರೆ ನನ್ನ ಬಾಯಿಗೆ ಹುಳ ಬಿದ್ದೀತು. ಚೆನ್ನಾಗಿತ್ತು, ತುಂಬಾ ಚೆನ್ನಾಗಿತ್ತು. ಆದರೆ ಅದನ್ನು ನೆಚ್ಚಿಕೊಂಡು ಹಾಡಲು ಆಗುತ್ತಿರಲಿಲ್ಲ.

ಅದು ತಿಳಿದದ್ದು ಚಳ್ಳಕೆರೆಯ ಒಂದು ಮದುವೆಯಲ್ಲಿ. ನಾನು ಒಬ್ಬಳೇ ಹಾಡುವ ಮೊದಲ ಹಾಡು, ಮಟಮಟ ಮಧ್ಯಾಹ್ನ. ಗಿಟಾರಿನ ದನಿ ಮೂರು ಸಲ ಮರಳಿದ ಕೂಡಲೇ ನಾನು ಎತ್ತಿಕೊಳ್ಳಬೇಕು. ಸರಿಯಾಗಿ ಆ ಹೊತ್ತಿಗೆ ಅಡುಗೆಮನೆಯಲ್ಲಿ ದೊಡ್ಡ ಗ್ರೈಂಡರ್ ಶುರುವಾಯಿತು. ಮಂಟಪದ ಲೈಟುಗಳು ಮಂಕಾದವು. ಪೆಟ್ಟಿಗೆಯ ಮೋಟರು ಸುಸ್ತಾಯಿತು, ದನಿ ಎಳೆದುಕೊಂಡು ತಡವಾಗಿ ಮರಳಿತು. ಅದರ ಹಿಂದೆ ನಾನೂ ತಡವಾಗಿ ಎತ್ತಿಕೊಂಡೆ. ಡ್ರಮ್ಸು ಆಗಲೇ ಮುಂದೆ ಹೋಗಿತ್ತು. ಎರಡನೆಯ ಚರಣದಲ್ಲೂ ಅದೇ ಕಥೆ. ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಹೆಣ್ಣಿನ ಕಡೆಯವರೊಬ್ಬರು ವೇದಿಕೆಯ ಹತ್ತಿರವೇ ಬಂದು, "ಆ ಹುಡುಗೀನ ಕೂರಿಸ್ರಿ, ಸಾಕು" ಎಂದರು. ನಾನು ಕೂತೆ.

ಮರುದಿನ ಶೆಡ್ಡಿನಲ್ಲಿ ಕೀಬೋರ್ಡ್ ಅಣ್ಣ ತೀರ್ಪು ಕೊಟ್ಟ: "ಇವಳಿಗೆ ತಾಳ ಇಲ್ಲ ಅಣ್ಣ. ಊರಿಗೆ ಕಳ್ಸಿಬಿಡು." ಎಲ್ಲರೂ ಹೂಂಗುಟ್ಟಿದರು. ನಾನು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮಾಸ್ಟರು ಈಗ ಪೋನೀ ಅನ್ನುತ್ತಾರೆ, ನನ್ನ ಕಥೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮಾಸ್ಟರು ಒಳಗೆ ಹೋಗಿ ಹೆಂಡತಿಗೆ ಹೇಳಿ ಮನೆಯ ಗ್ರೈಂಡರ್ ಹಚ್ಚಿಸಿದರು. ಹೊರಗೆ ಬಂದು ಗಿಟಾರ್ ಮೀಟಿದರು. ಎಣ್ಣೆ ಮಿಲ್ಲಿನ ಪಕ್ಕದ ಆ ಬಡಕಲು ಕರೆಂಟಿನಲ್ಲಿ ಪೆಟ್ಟಿಗೆ ಎಲ್ಲರೆದುರೂ ಮತ್ತೆ ಎಳೆಯಿತು. ಆಮೇಲೆ ಅವರು ಪೆಟ್ಟಿಗೆಯ ಸ್ವಿಚ್ ಆರಿಸಿ, ನನ್ನ ಕಡೆ ನೋಡಿ, "ಈಗ ಹಾಡಮ್ಮ" ಎಂದರು. ಬರೀ ಅವರ ಚಪ್ಪಾಳೆಗೆ ನಾನು ಇಡೀ ಹಾಡು ಹಾಡಿದೆ. ಒಂದು ಕಡೆಯೂ ತಪ್ಪಲಿಲ್ಲ.

"ತಾಳ ಇಲ್ದೇ ಇರೋದು ಇವಳಿಗಲ್ಲ ಕಣ್ಲೇ, ನನ್ ಪೆಟ್ಟಿಗೆಗೆ" ಎಂದರು ಮಾಸ್ಟರು. "ಇಷ್ಟು ವರ್ಷ ನಾನೇ ಮುಚ್ಚಿಟ್ಕೊಂಡು ಬಂದೆ. ಅದು ಎಳೆದಾಗೆಲ್ಲ ನನ್ ಕೈ ಎಳೀತಿದ್ದೆ. ಈ ಮಗೂಗೆ ಆ ಕಳ್ಳಾಟ ಗೊತ್ತಿಲ್ಲ, ಸಿಕ್ಕಾಕ್ಕೊಂತು."

ಹತ್ತು ಜನರ ಮುಂದೆ ತನ್ನ ಪ್ರಾಣದಂಥ ವಸ್ತುವಿನ ಮೇಲೆ ತಪ್ಪು ಹೊರಿಸಿ ನನ್ನನ್ನು ಉಳಿಸಿಕೊಂಡ ಮನುಷ್ಯ ಅವರು. ಆವತ್ತು ನಾನು ಅತ್ತೆ.

ಅದೇ ತಿಂಗಳು ಬಳ್ಳಾರಿಯಿಂದ ನೀಲಿ ಪೆಡಲ್ ಬಂತು. ಬ್ಯಾಟರಿಯಲ್ಲಿ ನಡೆಯುವಂಥದ್ದು. ಕಾಲಲ್ಲಿ ಮೂರು ಸಲ ಲಯಕ್ಕೆ ತುಳಿದರೆ ಅದೇ ಲಯದಲ್ಲಿ ದನಿ ಮರಳಿಸುತ್ತಿತ್ತು. ಲೈಟು ಮಂಕಾದರೂ ಅದಕ್ಕೆ ಚಿಂತೆಯಿಲ್ಲ. ಆದರೆ ಕೀಬೋರ್ಡ್ ಅಣ್ಣನಿಗೆ ಮೈಯೆಲ್ಲ ಉರಿಯಿತು.

"ವಾದ್ಯ ಅಂದ್ರೆ ಸರಸ್ವತಿ. ಕಾಲಲ್ಲಿ ತುಳೀತೀಯಾ ಅಣ್ಣ? ಪೆಟ್ಟಿಗೆ ಕೈ ಎತ್ತರದಲ್ಲಿತ್ತು, ಕಣ್ಣಿಗೊತ್ಕೊಂಡು ಮುಟ್ತಿದ್ವಿ."

ಮಾಸ್ಟರು ಆಗಷ್ಟೇ ಚಪ್ಪಲಿ ಕಳಚುತ್ತಿದ್ದರು. ತಲೆ ಎತ್ತದೆ ಹೇಳಿದರು: "ನಮ್ಮಪ್ಪ ಅರವತ್ತು ವರ್ಷ ಮಗ್ಗದ ಹಲಗೆ ತುಳಿದ. ನಾನೂ ತುಳಿದೆ. ಹಂಗೆ ತುಳಿದು ನೇಯ್ದ ಸೀರೇನೇ ಗೌರಸಮುದ್ರದ ಮಾರಮ್ಮಂಗೆ ಉಡಿಸಿರೋದು. ಅವಮ್ಮ ಯಾವತ್ತಾದ್ರೂ ಬ್ಯಾಡ ಅಂದ್ಲೇನ್ಲೇ?"

ಅಣ್ಣ ಪೆಟ್ಟಿಗೆಯ ಮೇಲೆ ಕೈಯಿಟ್ಟು, "ನಿಂಗೆ ಬ್ಯಾಡಾದ್ರೆ ಪೆಟ್ಟಿಗೆ ನಂಗೆ ಕೊಡು" ಎಂದ. "ತಗೊಂಡೋಗು" ಎಂದರು ಮಾಸ್ಟರು. ಅಣ್ಣ ಪೆಟ್ಟಿಗೆಯನ್ನು ಕೆಂಪು ವಸ್ತ್ರದ ಸಮೇತ ಎತ್ತಿಕೊಂಡು, ಜೊತೆಗೆ ಇಬ್ಬರನ್ನು ಕರೆದುಕೊಂಡು ಪಾರ್ಟಿ ಬಿಟ್ಟುಹೋದ. ಮಾಸ್ಟರು ಸರಸ್ವತಿಯನ್ನು ತುಳಿಯುತ್ತಾರೆ ಎಂದು ಊರೂರಲ್ಲಿ ಹಬ್ಬಿಸಿದ. ಸಿದ್ದಾಪುರದ ಕಡೆ ಒಪ್ಪಿಕೊಂಡಿದ್ದ ಒಂದು ಕಾರ್ಯಕ್ರಮ ಅದರಿಂದಲೇ ಕೈತಪ್ಪಿತು. "ಒಂದು ಮಾತು ತಪ್ಪಾಯ್ತು ಅಂದ್ಬಿಡ್ರಿ ಮಾಸ್ಟ್ರೇ" ಎಂದು ನಾನೇ ಬೇಡಿಕೊಂಡೆ. ಅವರು ನನ್ನ ಕಡೆ ಕೋಪದಿಂದ ನೋಡಿದ್ದು ಅದೊಂದೇ ಸಲ. "ಏನ್ ತಪ್ಪಾಯ್ತು? ನೀನು ತಾಳಕ್ಕೆ ಹಾಡಿದ್ದಾ?"

ಹಳೆಯ ಸಾಮಾನಿನ ಹುಚ್ಚಿನವರು ಇಬ್ಬರು ಒಮ್ಮೆ ಪೆಟ್ಟಿಗೆ ಹುಡುಕಿಕೊಂಡು ಶೆಡ್ಡಿಗೇ ಬಂದಿದ್ದರು. ಪೆಡಲ್ ನೋಡಿ ಮುಖ ಸಿಂಡರಿಸಿದರು. "ಇದರಲ್ಲಿ ಜೀವ ಇರಲ್ಲ ಸರ್. ಆ ಮೆಷಿನ್ನಿಗೆ ಒಂದು ಆತ್ಮ ಇರುತ್ತೆ."

"ಆ ಆತ್ಮದ ಜೊತೆ ಇಪ್ಪತ್ತು ವರ್ಷ ಸಂಸಾರ ಮಾಡಿದೀನಿ ಸ್ವಾಮಿ" ಎಂದರು ಮಾಸ್ಟರು. "ಬಿಸಿಲಿಗೆ ಮುನಿಸು, ಧೂಳಿಗೆ ಕೆಮ್ಮು. ಜೀವ ನಾವು ಹಾಕ್ತೀವಿ. ಇದು ಹೇಳಿದ್ ಟೈಮಿಗೆ ವಾಪಸ್ ಕೊಟ್ರೆ ಸಾಕು."

ಹೀಗೆ ಹನ್ನೊಂದು ವರ್ಷ ನಡೆಯಿತು. ಆಮೇಲೆ ಸಕ್ಕರೆ ಕಾಯಿಲೆ ಬಂದು, ಆ ಸೀಳುಗುರಿನ ಹೆಬ್ಬೆರಳಿಗೆ ಹುಣ್ಣಾಗಿ, ಕೊನೆಗೆ ಬೆರಳನ್ನೇ ತೆಗೆದರು. ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡೇ ಪ್ರಾಕ್ಟೀಸಿಗೆ ಬಂದು ಕುರ್ಚಿಯಲ್ಲಿ ಕೂತ ಮಾಸ್ಟರು, ಪೆಡಲನ್ನು ನನ್ನ ಕಾಲ ಬಳಿ ಸರಿಸಿದರು.

"ನೀನು ತುಳಿಯಮ್ಮ."

ನಾನು ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಆದರೂ ಕಾಲು ಏಳಲಿಲ್ಲ. ಮಾಸ್ಟರು ಪಾರ್ಟಿಗೆ ಹೊಸದಾಗಿ ಸೇರಿದವರ ಪಿಸುಮಾತು ಕೇಳಿಸಿಕೊಂಡೇ ಗಟ್ಟಿಯಾಗಿ ಹೇಳಿದರು: "ಹೆಣ್ಣಿನ ಕಾಲು ಅಂತ ಯಾರಾದ್ರೂ ಅಂದ್ರೆ, ನಮ್ಮವ್ವಾನೂ ಮಗ್ಗ ತುಳಿದೋಳೇ ಅನ್ನು." ನಾನು ತುಳಿದೆ. ಮುಂದಿನ ಎರಡು ವರ್ಷ ಅವರು ಮೀಟಿದರು, ನಾನು ಹಾಡುತ್ತಾ ತುಳಿದೆ. ಬೈಗುಳದಲ್ಲಿ ಅರ್ಧ ನನಗೂ ಬಂತು. ಹೆಮ್ಮೆಯಿಂದ ತಿಂದೆ.

ಹೋದ ವರ್ಷ ಮಾಸ್ಟರು ಹೋದರು. ಮೊಳಕಾಲ್ಮೂರಿನಲ್ಲಿ ಅವರ ಒಡಹುಟ್ಟಿದ ಅಣ್ಣನ ಮನೆಯ ಮುಂದೆ ಶಾಮಿಯಾನ ಹಾಕಿ ತಿಥಿ ಮಾಡಿದರು. ಹಾಡಲು ನಮ್ಮ ಪಾರ್ಟಿಯವರನ್ನೆಲ್ಲ ಕರೆದಿದ್ದರು. ಕೀಬೋರ್ಡ್ ಅಣ್ಣನೂ ಬಂದಿದ್ದ. ಬಗಲಲ್ಲಿ ಎಕೋ ಪೆಟ್ಟಿಗೆ, ಅದಕ್ಕೊಂದು ಸೇವಂತಿಗೆ ಹಾರ. ಪೆಟ್ಟಿಗೆಯನ್ನು ಅವರ ಫೋಟೋದ ಮುಂದೆ ಇಟ್ಟು, ಕಣ್ಣೊರೆಸಿಕೊಂಡು ನನಗೆ ಹೇಳಿದ: "ಇವತ್ತಾದ್ರೂ ಇದರಲ್ಲೇ ಹಾಡಮ್ಮ. ಸತ್ತೋರ ಮುಂದೆ ಆ ತುಳಿಯೋದೆಲ್ಲ ಬ್ಯಾಡ. ಪೋನೀ ಬಿಡು ಇನ್ನ."

ಅವನ ದುಃಖ ಸುಳ್ಳಲ್ಲವೆಂದು ನನಗೆ ಗೊತ್ತಿತ್ತು. ಆದರೂ ಆ ಪದ ಅವನ ಬಾಯಲ್ಲಿ ಕೇಳಿ ನನಗೆ ಹಟ ಬಂತು.

"ಮಾಸ್ಟರು ಇದೊಂದಕ್ಕೆ ಪೋನೀ ಅನ್ನಲಿಲ್ಲ ಅಣ್ಣ. ನಾನೂ ಅನ್ನಲ್ಲ" ಎಂದೆ.

ಮೈಕಿನ ವೈರನ್ನು ಸೌಂಡ್ ಮಿಕ್ಸರಿನಿಂದ ಕಿತ್ತು ನೀಲಿ ಪೆಡಲ್ಲಿಗೆ, ಪೆಡಲ್ಲಿನ ವೈರನ್ನು ಮಿಕ್ಸರಿಗೆ ಸಿಕ್ಕಿಸಿದೆ. ಅದರ ಬಣ್ಣ ಒಂದು ಹೆಬ್ಬೆರಳಿನ ಅಗಲಕ್ಕೆ ಸವೆದು ಬೆಳ್ಳಗಾಗಿತ್ತು. ಚಪ್ಪಲಿ ಕಳಚಿದೆ, ಮುಟ್ಟಿ ಕಣ್ಣಿಗೊತ್ತಿಕೊಂಡೆ, ಎಲ್ಲರೂ ನೋಡುತ್ತಿದ್ದಂತೆ ಆ ಬೆಳ್ಳನೆಯ ಜಾಗದ ಮೇಲೆ ಮೂರು ಸಲ ತುಳಿದೆ. ಗಿಟಾರಿರಲಿಲ್ಲ. ನನ್ನ ದನಿಯೊಂದೇ. ಮೊದಲ ಸಾಲು ಹಾಡಿ ನಿಲ್ಲಿಸಿದೆ.

ಆ ಹೊತ್ತಿಗೆ ಹಿತ್ತಲಿನಲ್ಲಿ ವಡೆಗೆ ರುಬ್ಬಲು ಗ್ರೈಂಡರ್ ಹಚ್ಚಿದರು. ಶಾಮಿಯಾನದ ಲೈಟುಗಳು ಮಂಕಾದವು. ಕೀಬೋರ್ಡ್ ಅಣ್ಣ ತಲೆ ಎತ್ತಿ ಲೈಟು ನೋಡಿದ, ಆಮೇಲೆ ನನ್ನ ಕಾಲು ನೋಡಿದ.

ನನ್ನ ದನಿ ತಾಳಕ್ಕೆ ಸರಿಯಾಗಿ ಮರಳಿ ಬಂತು. ನಾನು ಎರಡನೆಯ ಸಾಲು ಎತ್ತಿಕೊಂಡೆ.