ದೇವರಿಲ್ಲದವನ ಆಣೆ

ನೀಲಗಿರಿಯ ಅರವಂಕಾಡಿನ ಸಿಡಿಮದ್ದಿನ ಕಾರ್ಖಾನೆಯಲ್ಲಿ ನನ್ನ ಜೊತೆಗೆ ಕೆಲಸ ಮಾಡುತ್ತಿದ್ದ ಕೊಯಮತ್ತೂರಿನ ಕಡೆಯವನೊಬ್ಬ ನಮ್ಮ ಹಟ್ಟಿಯಲ್ಲೇ ಬಾಡಿಗೆಗೆ ಬಂದಿದ್ದ. ದೇವರಿಲ್ಲ ಎನ್ನುವುದು ಅವನ ವಾದ. ನಮ್ಮಪ್ಪ ಊರ ಗೌಡ, ಎದೆಯ ಮೇಲೆ ಲಿಂಗ ಕಟ್ಟಿದವರು. ಭಾನುವಾರ ಬಂತೆಂದರೆ ಇಬ್ಬರೂ ನಮ್ಮ ಜಗಲಿಯಲ್ಲಿ ಜಗಳಕ್ಕೆ ಕೂರುತ್ತಿದ್ದರು.

"ದೇವರ ಭಯ ಇಲ್ಲದವ ಸುಳ್ಳಾಡದೆ ಇರ್ತಾನಾ?" ಎಂದು ಅಪ್ಪ.

"ಭಯಕ್ಕೆ ನಿಜ ಹೇಳಿದ್ರೆ ಅದು ಗುಣವಾ, ಅಯ್ಯಾ?" ಎಂದು ಅವನು.

ಒಂದು ಸಲ ವಿಧವೆಯೊಬ್ಬಳ ಎಮ್ಮೆಗರು ಕಾಣೆಯಾಗಿ ಪಕ್ಕದ ಮನೆಯವನ ಕೊಟ್ಟಿಗೆಯಲ್ಲಿ ಸಿಕ್ಕಿತು. ಅವನು ಕರು ತನ್ನದೇ ಎಂದ. ಊರ ಕೂಟ ಸೇರಿತು. ಪಕ್ಕದ ಮನೆಯವನು ಆಕೆಯ ಕೊಟ್ಟಿಗೆಯಿಂದ ಕರು ಹೊಡೆದುಕೊಂಡು ಹೋದದ್ದನ್ನು ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಕಂಡವನು ಒಬ್ಬನೇ, ದೇವರಿಲ್ಲ ಎನ್ನುವ ಈ ನನ್ನ ಗೆಳೆಯ.

ಪಕ್ಕದ ಮನೆಯವನು ಎದ್ದು ನಿಂತ. "ದೀಪ ಮುಟ್ಟಿ ಆಣೆ ಮಾಡ್ತೀನಿ, ಕರು ಎನ್ನದು. ಇವನಿಗೆ ದೇವರೇ ಇಲ್ಲ. ಇವನ ಮಾತಿಗೇನು ಬೆಲೆ?"

ಕೂಟದವರು ತಲೆಯಾಡಿಸಿದರು. ಅಪ್ಪನಿಗೆ ಪೇಚಾಯಿತು. ಗೆಳೆಯನ ಕಡೆ ತಿರುಗಿ, "ನೀ ಯಾರಿಗಾದರೂ ಹೆದರ್ತೀಯಾ, ತಮ್ಮಾ?" ಎಂದರು.

ಅವನು ತನ್ನ ಮನೆಯ ಕಡೆ ಒಮ್ಮೆ ನೋಡಿದ. "ನನ್ನ ಹೆಂಡತಿಗೆ."

ಕೂಟವೆಲ್ಲ ನಕ್ಕಿತು. ಅಪ್ಪ ಮಾತ್ರ ನಗದೆ ಅವಳನ್ನು ಕರೆಸಿದರು. ಶುಕ್ರವಾರದ ಉಪವಾಸ ತಪ್ಪಿಸದ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಳು. ಅವನು ಅವಳ ಮುಖ ನೋಡುತ್ತ ಕಂಡದ್ದನ್ನು ಕಂಡಂತೆ ಹೇಳಿದ.

"ನಿಜ ಹೇಳ್ತಾನೇನಮ್ಮಾ?" ಎಂದು ಅಪ್ಪ ಅವಳನ್ನು ಕೇಳಿದರು.

"ಹರಕೆಗೆ ಇಟ್ಟಿದ್ದ ಬೆಲ್ಲಾನೆಲ್ಲ ತಿಂದುಬಿಟ್ರು, ಅಯ್ಯಾ. ಇಲಿ ತಿಂತು ಅಂದಿದ್ರೆ ನಂಬ್ತಿದ್ದೆ. ತಾವೇ ಬಂದು ತಿಂದೋನು ನಾನು ಅಂದ್ರು. ಬೈದದ್ದು ಇನ್ನೂ ಮುಗಿದಿಲ್ಲ."

ಅಪ್ಪ ಪಕ್ಕದ ಮನೆಯವನಿಗೆ, "ಸರಿ, ನಿನ್ನ ಹೆಂಡತೀನೂ ಬರಲಿ. ಅವಳ ಮುಖ ನೋಡಿ ಹೇಳು" ಎಂದರು. ಆಕೆ ಹೆಂಗಸರ ಗುಂಪಿನಿಂದ ಎದ್ದು ಗಂಡನ ಎದುರಿಗೆ ಬಂದು ನಿಂತಳು. ಅವನು ಅವಳನ್ನು ನೋಡಿದ, ನೆಲ ನೋಡಿದ, ದೀಪದ ಕಡೆ ಕೂಡ ಒಮ್ಮೆ ನೋಡಿದ.

"ಕರು ತಾನಾಗೇ ಬಂದಿರಬೋದು" ಎಂದ.

ಕರು ಅಂದೇ ವಿಧವೆಯ ಮನೆಗೆ ಹೋಯಿತು. ಊರಿನವರು ತಿಂಗಳುಗಟ್ಟಲೆ ನಕ್ಕರು. ಅಪ್ಪನಿಗೆ ಮಾತ್ರ ನಗು ಬರಲಿಲ್ಲ. ದೇವರನ್ನು ನಂಬುವ ಪಕ್ಕದ ಮನೆಯವನು ಸುಳ್ಳಿಗೂ ದೀಪ ಮುಟ್ಟಲು ಸಿದ್ಧನಿದ್ದನಲ್ಲ ಎಂಬುದು ಅವರನ್ನು ಕೊರೆಯುತ್ತಿತ್ತು. ಮುಂದಿನ ಭಾನುವಾರ ಗೆಳೆಯ ಗೆದ್ದವನಂತೆ ಬರುತ್ತಾನೆಂದು ನಾನು ಕಾದಿದ್ದೆ. ಅವನು ಎಂದಿನಂತೆ ಬಂದು ಕೂತ.

ಅಪ್ಪನೇ ಕೇಳಿದರು: "ಹೆಂಡತಿ ಬರದೆ ಇದ್ರೂ ನೀ ನಿಜಾನೇ ಹೇಳ್ತಿದ್ದೆ, ಅಲ್ವಾ?"

"ಹೂಂ, ಅಯ್ಯಾ."

"ಯಾಕೆ?"

"ಕರು ಆ ಅಮ್ಮನದಲ್ವಾ?"

ಅಪ್ಪ ಒಳಗೆ ತಿರುಗಿ ಅಮ್ಮನಿಗೆ ಕೂಗಿ ಹೇಳಿದರು: "ಇವನಿಗೆ ಒಂದು ಲೋಟ ಕಾಫಿ ಕೊಡು. ಬೆಲ್ಲ ಮಾತ್ರ ನೀನೇ ಹಾಕು, ಡಬ್ಬ ಇವನ ಕೈಗೆ ಕೊಡಬೇಡ."