ಗಟ್ಟಿಮೇಳದ ಹೊತ್ತಿಗೆ

ನಮ್ಮ ಓಲಗದಲ್ಲಿ ನಾದಸ್ವರ ನನ್ನದು, ಡೋಲು ಭಾವನದು. ಭಾವ ಎಂದರೆ ನನ್ನ ಅಕ್ಕನ ಗಂಡ. ಮಾಗಡಿ, ರಾಮನಗರ, ಚನ್ನಪಟ್ಟಣದ ಕಡೆ ನಾವಿಬ್ಬರೂ ಹೋಗದ ಛತ್ರ ಕಡಿಮೆ. ಹೋದ ವರ್ಷ ಭಾವನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಡೋಲಿನ ಕೋಲು ಹಿಡಿಯುತ್ತಿದ್ದ ಕೈ ಅದೇ. ಇನ್ನು ಆ ಕೈ ಬರುವುದಿಲ್ಲ ಎಂದು ಡಾಕ್ಟರು ಅಕ್ಕನ ಮಗಳಿಗೂ ನನಗೂ ಹೇಳಿದರು. ಭಾವನಿಗೆ ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ.

"ನಾನ್ ಎದ್ ಬರೋಗಂಟ ಓಲಗ ನಿಲ್ಸ್‌ಬ್ಯಾಡ ಕಣ್ಲಾ," ಎನ್ನುತ್ತಿದ್ದ, ಮಾಗಡಿ ಹತ್ತಿರದ ಕಲ್ಯದಲ್ಲಿ ತನ್ನ ಮನೆಯಲ್ಲಿ ಮಲಗಿಕೊಂಡೇ. ಬೇರೆ ಡೋಲಿನವರ ಮಾತೆತ್ತಿದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದ. ಅದಕ್ಕೇ ರಾಮನಗರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಅಕ್ಕನ ಮಗಳು ಒಂದು ಯಂತ್ರ ಸಿದ್ಧ ಮಾಡಿದಳು. ನಾದಸ್ವರದ ಬಾಯಿಗೆ ಸಣ್ಣ ಮೈಕು, ಅಲ್ಲಿಂದ ಲ್ಯಾಪ್‌ಟಾಪಿಗೆ ವೈರು, ಆಮೇಲೆ ಸ್ಪೀಕರು. ನಾನು ಊದಿದ್ದನ್ನು ಕೇಳಿಸಿಕೊಂಡು ಅದು ತಕ್ಕಂತೆ ಡೋಲು ಬಾರಿಸುತ್ತದೆ. ಯಂತ್ರ ತಾನೇ, ಯಾರೂ ತನ್ನ ಜಾಗದಲ್ಲಿ ಕೂತಂತಾಗುವುದಿಲ್ಲ ಎಂದು ಭಾವ ಒಪ್ಪಿದ. ಯಂತ್ರ ಒಗ್ಗಿಬಿಟ್ಟರೆ ಅಪ್ಪ ಮೆಲ್ಲಗೆ ಆಸೆ ಬಿಡುತ್ತಾನೆ ಎಂಬುದು ಮಗಳ ಲೆಕ್ಕ.

ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಬಾರಿಸಿತು. ನಿಧಾನ ಮಾಡಿದರೆ ನಿಧಾನ, ಓಡಿದರೆ ಓಟ. ಉಸಿರು ತೆಗೆದುಕೊಳ್ಳಲು ನಿಂತರೆ, ಪಾಪ, ಅದೂ ನಿಲ್ಲುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಭಾವ ಒಂದು ದಿನವಾದರೂ ನನ್ನ ಮಾತು ಕೇಳಿದವನಲ್ಲ. ನಾನು ಎಳೆದರೆ ಅವನು ನೂಕುತ್ತಿದ್ದ, ಮೈಮರೆತರೆ ಕೋಲಿನಲ್ಲೇ ಗದರಿ ದಾರಿಗೆ ತರುತ್ತಿದ್ದ. ಇದು ಬರೀ ಕೋಲೆಬಸವ. "ಮಾವ, ಒಸಿ ಒಗ್ಗಿಸ್ಕೊಳಿ," ಎಂದಳು ಅಕ್ಕನ ಮಗಳು. ಒಗ್ಗಿಸಿಕೊಂಡೆ. ಬೇರೆ ಏನು ಮಾಡಲಿ?

ಬಿಡದಿಯ ಛತ್ರದಲ್ಲಿ ಮೊದಲ ಮದುವೆ. ವರಪೂಜೆಯೆಲ್ಲ ಸಲೀಸಾಗಿ ಹೋಯಿತು. ಜನ ಬಂದು ಲ್ಯಾಪ್‌ಟಾಪಿನ ವಿಡಿಯೋ ಮಾಡಿಕೊಂಡರು. ಮಾಂಗಲ್ಯ ಕಟ್ಟುವ ಹೊತ್ತು ಬಂತು. ಆಗ ಯಾವ ಅಪಶಕುನದ ಸದ್ದೂ ಕಿವಿಗೆ ಬೀಳಬಾರದೆಂದು ಜೋರಾಗಿ ಬಾರಿಸುವುದೇ ಗಟ್ಟಿಮೇಳ. ಪುರೋಹಿತರು ಬೆರಳಾಡಿಸಿದ ಕೂಡಲೇ ಡೋಲು ಸಿಡಿಯಬೇಕು, ಅದರ ಹಿಂದೆಯೇ ನಾದಸ್ವರ. ಭಾವ ಪುರೋಹಿತರನ್ನು ನೋಡುತ್ತಿದ್ದ, ನಾನು ಭಾವನ ಡೋಲು ಕೇಳಿ ಹಿಡಿಯುತ್ತಿದ್ದೆ. ಆಯುಷ್ಯವೆಲ್ಲ ಹಾಗೇ ಕಳೆದಿತ್ತು.

"ಗಟ್ಟಿಮೇಳ, ಗಟ್ಟಿಮೇಳ," ಎಂದು ಪುರೋಹಿತರು ಬೆರಳಾಡಿಸಿದರು. ನಾನು ಉಸಿರು ತುಂಬಿಕೊಂಡು ಡೋಲಿಗೆ ಕಾದೆ. ಅದು ನನಗೆ ಕಾಯುತ್ತಿತ್ತು. ಛತ್ರಕ್ಕೆ ಛತ್ರವೇ ಸುಮ್ಮನಾಯಿತು. ಅಷ್ಟರಲ್ಲಿ ಯಾರೋ ಸೀನಿದರು. ಒಂಟಿ ಸೀನು. ಗಂಡಿನ ಕೈ ಹಾಗೇ ನಿಂತಿತು, ಹೆಣ್ಣಿನ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ನಾನು ಎದೆ ಒಡೆಯುವ ಹಾಗೆ ಊದಿದೆ, ಯಂತ್ರವೂ ಸೊಗಸಾಗಿ ಬಾರಿಸಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಯಾರೂ ಬೈಯಲಿಲ್ಲ, ಊಟಕ್ಕೂ ಕರೆದರು. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಕಲ್ಯಕ್ಕೆ ಹೋದೆ. ಭಾವ ಕಾಯುತ್ತಿದ್ದ.

"ಗಟ್ಟಿಮೇಳ ಹೆಂಗಾಯ್ತ್ಲಾ?"

ಚೆನ್ನಾಗಾಯಿತು ಎನ್ನಬೇಕೆಂದು ಬಸ್ಸಿನಲ್ಲಿ ಗಟ್ಟಿ ಮಾಡಿಕೊಂಡೇ ಬಂದಿದ್ದೆ. ಸಿಟ್ಟು ಕೇಳಬೇಕಲ್ಲ. "ಮಣ್ಣಾಯ್ತು. ಅದ್ಕೆ ನಾನ್ ಊದೋದು ಕೇಳ್ಸುತ್ತೆ ಅಷ್ಟೇ, ಪುರೋಯ್ತ್ರ ಬೆಳ್ಳು ಕಾಣಕ್ಕಿಲ್ಲ. ನೀನಿಲ್ದೆ ಆಗಕ್ಕಿಲ್ಲ ಭಾವ," ಎಂದುಬಿಟ್ಟೆ. ಅಕ್ಕನ ಮಗಳು ಬೇಡ, ಬೇಡ ಎಂದು ಕಣ್ಣಲ್ಲೇ ಹೇಳಿದಳು. ಅಷ್ಟು ಹೊತ್ತಿಗೆ ಮಾತು ಬಾಯಿಂದ ಜಾರಿತ್ತು.

ಭಾವ ನಕ್ಕ. ಮಲಗಿದ ಮೇಲೆ ಅವನು ನಕ್ಕಿದ್ದು ಅದೇ ಮೊದಲು. "ನಂಗೊತ್ತಿತ್ತು ಕಣ್ಲಾ," ಎಂದ, ಸೊಟ್ಟ ಬಾಯಲ್ಲೇ. "ಆ ಪೆಟ್ಗೆ ಎತ್ತಿ ಮಡಗು. ಮುಂದ್ಲ ಮದ್ವೆಗೆ ನಾನೇ ಬತ್ತೀನಿ." ಬಲಗೈಯಿಂದ ಎಡಗೈಯನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟ. ಕಣ್ಣು ಮುಚ್ಚಿದ. ಹಣೆಯ ನರ ಉಬ್ಬಿತು, ಬೆವರು ಕಿತ್ತುಕೊಂಡಿತು. ಕೈ ಇಟ್ಟಲ್ಲೇ ಬಿದ್ದಿತ್ತು, ಒಂದು ಬೆರಳೂ ಅಲುಗಲಿಲ್ಲ. ಕೊನೆಗೆ ಕಣ್ಣು ಬಿಟ್ಟು ನನ್ನ ಮುಖ ನೋಡಿದ.

"ಗೊತ್ತಾಯ್ತೇನ್ಲಾ ಏಟು?"

"ಗೊತ್ತಾಯ್ತು ಭಾವ," ಎಂದೆ.