ದೂಡಬೇಡಿ, ಇದು ರೇಸು

ನಮ್ಮ ಸಮೀನಾ ರಾಜ್ಯ ತಂಡಕ್ಕೆ ಆಯ್ಕೆಯಾದಳು! ಟ್ರೈಸಿಕಲ್ ರೇಸಿನ ತಂಡಕ್ಕೆ! ಇವತ್ತು ಬೆಳಿಗ್ಗೆ ಫೋನ್ ಬಂದಾಗ ನಾನು ಶಿರಸಿಯ ನಮ್ಮ ಅಂಗಡಿಯಲ್ಲಿ ಆಟೋ ಸೀಟಿಗೆ ರೆಕ್ಸಿನ್ ಹೊಲಿಯುತ್ತಿದ್ದೆ. ಸೀಟು ತಂದಿದ್ದ ಡ್ರೈವರನ ತೋಳು ಹಿಡಿದು ಅಲ್ಲಾಡಿಸಿಬಿಟ್ಟೆ. ಅವನು ಹೆದರಿ, "ಎಂತಾ ಆಯ್ತು ಅಜ್ಜಿ, ಹಾವು ಬಂತಾ?" ಎಂದು ಸ್ಟೂಲಿನ ಮೇಲೆ ಕಾಲೆತ್ತಿಕೊಂಡ. "ಮೊಮ್ಮಗಳು ಗೆದ್ಲು ಮಾರಾಯಾ!" ಎಂದೆ. ಅವನ ಸೀಟಿನ ಕೆಲಸ ಇವತ್ತು ಮುಗಿಯಲೇ ಇಲ್ಲ.

ಇಷ್ಟು ಸಂತೋಷ ಇದೆ. ಆದರೆ ಇದರ ಹಿಂದೆ ಒಂದು ಹೇಸಿಗೆಯೂ ಇದೆ. ಅದನ್ನು ಬರೆಯದೆ ನನಗೆ ಈ ಸಂತೋಷ ಜೀರ್ಣವಾಗುವುದಿಲ್ಲ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಲಾರಿ, ಜೀಪು, ಆಟೋಗಳಿಗೆ ಸೀಟು ಹೊಲಿಯುವುದು ಯಜಮಾನರು ಕಲಿಸಿದ ಕೆಲಸ. ಅವರು ಹೋದ ಮೇಲೆ ಅಂಗಡಿ ನನ್ನದಾಯಿತು. ಮಗ ಇಲಿಯಾಸ್ ಯಲ್ಲಾಪುರದ ಕಡೆ ಟೆಂಪೋ ಓಡಿಸುತ್ತಾನೆ. ಸಮೀನಾ ಅವನ ಮಗಳು, ಕಾಲೇಜಿಗೆ ಹೋಗುತ್ತಾಳೆ. ಹುಟ್ಟಿನಿಂದ ಅವಳಿಗೆ ನರದ ತೊಂದರೆ. ಕಾಲಿನಲ್ಲಿ ಬಲವಿದೆ, ಆದರೆ ಮೈಗೆ ಬ್ಯಾಲೆನ್ಸ್ ಇಲ್ಲ. ಎರಡು ಗಾಲಿಯ ಸೈಕಲ್ ಹತ್ತಿದರೆ ಬೀಳುತ್ತಾಳೆ.

ಟ್ರೈಸಿಕಲ್ ಎಂದ ಕೂಡಲೇ ಜನ ಕೈಯಲ್ಲಿ ತಿರುಗಿಸುವ ಗಾಡಿಯನ್ನು ನೆನಪಿಸಿಕೊಳ್ಳುತ್ತಾರೆ. ಅದಲ್ಲ. ರೇಸಿನದ್ದು ಪೆಡಲ್ ತುಳಿಯುವ ಸೈಕಲ್ಲೇ. ಗೇರು ಇದೆ, ಹಿಂದೆ ಎರಡು ಗಾಲಿ. ನಿಲ್ಲುವಾಗ ಬೀಳುವುದಿಲ್ಲ, ತಿರುವಿನಲ್ಲಿ ಬೀಳಿಸುತ್ತದೆ. ಜೋರಾಗಿ ತಿರುಗುವಾಗ ಮೈಯನ್ನು ಒಳಗಡೆಗೆ ವಾಲಿಸದಿದ್ದರೆ ಒಂದು ಗಾಲಿ ಎದ್ದು ಪಲ್ಟಿ ಹೊಡೆಯುತ್ತದೆ. ಅದರ ಸೀಟು ಹೊಲಿದವಳು ನಾನೇ. ಮೊದಲು ದಪ್ಪ ಸ್ಪಂಜು ಹಾಕಿದ್ದೆ. ಒಂದು ಸುತ್ತು ಹೊಡೆದು ಬಂದವಳು, "ದಾದಿ, ನಂಗೆ ರೇಸ್ ಉಂಟು. ನೀ ಸೋಫಾ ಮಾಡಿ ಕೊಟ್ರೆ ಅಲ್ಲೇ ನಿದ್ದೆ ಮಾಡ್ತೆ" ಎಂದಳು. ಬಿಚ್ಚಿ ತೆಳ್ಳಗೆ ಹೊಲಿದೆ. ಆಮೇಲೆ ಅವಳ ಕಾಲೇಜಿನ ಶಾಲಿನಿ ಮೇಡಂ ದಿನಾ ಬೆಳಿಗ್ಗೆ ಬನವಾಸಿ ರಸ್ತೆಯಲ್ಲಿ ತರಬೇತಿ ಕೊಟ್ಟರು.

ಕಳೆದ ಚಳಿಗಾಲದಲ್ಲಿ ಯಲ್ಲಾಪುರದಲ್ಲಿ ಆಯ್ಕೆಯ ರೇಸು ನಡೆಯಿತು. ನಡೆಸಿದವರ ಹೆಸರು ಹೇಳುವುದಿಲ್ಲ. ಊರ ಹೊರಗಿನ ರಸ್ತೆಯಲ್ಲಿ ಮೂರು ಸುತ್ತು, ಪ್ರತಿ ಸುತ್ತಿನಲ್ಲೂ ಒಂದು ಏರು. ಹುಡುಗ ಹುಡುಗಿಯರು ಒಟ್ಟಿಗೇ ಓಡಬೇಕು, ಆಯ್ಕೆ ಬೇರೆ ಬೇರೆ. ಹೊರ ಊರಿನಿಂದ ಬಂದ ರೆಫರಿ ಎಲ್ಲರೆದುರೇ ಸ್ಪಷ್ಟವಾಗಿ ಹೇಳಿದರು: ರೇಸು ಶುರುವಾದ ಮೇಲೆ ಹೊರಗಿನವರು ಯಾರಾದರೂ ದೂಡಿದರೆ ಆ ಸ್ಪರ್ಧಿ ಡಿಸ್‌ಕ್ವಾಲಿಫೈ. ಅಂದರೆ ಮೊದಲು ಬಂದರೂ ಲೆಕ್ಕಕ್ಕಿಲ್ಲ. ಹಳದಿ ಟೀ ಶರ್ಟಿನ ಸ್ವಯಂಸೇವಕರು ಆಗ ಸೆಲ್ಫಿ ತೆಗೆಯುತ್ತಿದ್ದರು.

ತಂಪು ಹೊತ್ತಿನಲ್ಲಿ ಆಗಬೇಕಾದ ರೇಸು ಅತಿಥಿಗಳಿಗಾಗಿ ಕಾದು ಕಾದು ನೆತ್ತಿ ಸುಡುವ ಹೊತ್ತಿಗೆ ಹೋಯಿತು. ಬಂದವರು ಸುಮ್ಮನೆ ಬಾವುಟ ಬೀಸಿದರೇ? ಇಲ್ಲ, ಭಾಷಣ. "ಇವರು ದೇವರ ಮಕ್ಕಳು." "ಇವರನ್ನು ಕಂಡರೆ ಕಣ್ಣು ತುಂಬಿ ಬರುತ್ತದೆ." ಕಣ್ಣು ತುಂಬಿದವರು ನೆರಳಲ್ಲಿದ್ದರು, ದೇವರ ಮಕ್ಕಳು ಬಿಸಿಲಲ್ಲಿ. ಕೊನೆಗೆ ಹೆಲ್ಮೆಟ್ ಹಾಕಿ ಕೂತ ಮಕ್ಕಳಿಗೆಲ್ಲ ಶಾಲು ಹೊದೆಸಿದರು. ಸಮೀನಾಳ ಶಾಲಿನ ಅಂಚು ಚೈನಿಗೆ ಸಿಕ್ಕುವುದರಲ್ಲಿತ್ತು. ಎಳೆದು ನನ್ನತ್ತ ಎಸೆದು, "ಟೆಂಪೋ ಒರೆಸ್ಲಿಕ್ಕೆ ಆಗ್ತದೆ, ಅಬ್ಬಂಗೆ ಕೊಡು" ಎಂದಳು.

ರೇಸು ಶುರುವಾದ ಮೇಲೆ ನಾವು ಏರಿನ ಬಳಿಗೆ ಹೋದೆವು. ಅಲ್ಲಿ ನನ್ನ ಪಕ್ಕ ನಂದೊಳ್ಳಿಯ ಒಬ್ಬ ತಾಯಿ ನಿಂತಿದ್ದಳು. ಅವಳ ಮಗ ಮಂಜುನಾಥನೇ ಎಲ್ಲರಿಗಿಂತ ಮುಂದೆ. ಎಂಥಾ ತುಳಿತ ಆ ಹುಡುಗನದು! ಕೊನೆಯ ಸುತ್ತಿನ ಏರಿನಲ್ಲಿ ಕ್ಯಾಮೆರಾದವನು ನಿಂತಿದ್ದ. ಅವನನ್ನು ಕಂಡದ್ದೇ ಹಳದಿ ಟೀ ಶರ್ಟುಗಳು ಓಡಿ ಬಂದು ಮಂಜುನಾಥನ ಬೆನ್ನಿಗೆ ಕೈ ಹಾಕಿ ದೂಡತೊಡಗಿದವು. "ಬೇಡ! ಬೇಡ!" ಎಂದು ಅವನು ಕೂಗುವುದು ನಮಗೇ ಕೇಳುತ್ತಿತ್ತು. ದೂಡುವವರಿಗೆ ಕೇಳಲಿಲ್ಲ. ಹಿಂದಿನಿಂದ ಬಂದವರನ್ನೂ ಹಾಗೇ ದೂಡಿದರು.

ನಮ್ಮ ಕಡೆ ಮಳೆಗಾಲದಲ್ಲಿ ಕೆಸರಿಗೆ ಗಾಡಿ ಸಿಕ್ಕಿದರೆ ಹೇಳಿ ಕಳಿಸಬೇಕಾಗಿಲ್ಲ. ದಾರಿಹೋಕರೇ ಲುಂಗಿ ಎತ್ತಿ ಕಟ್ಟಿ ಬಂದು ದೂಡುತ್ತಾರೆ. ಒಳ್ಳೆಯ ಗುಣವೇ. ಆದರೆ ಈ ಮಕ್ಕಳು ಕೆಸರಲ್ಲಿ ಸಿಕ್ಕಿದ ಗಾಡಿಗಳಲ್ಲ.

ಸಮೀನಾ ಮುಂದಿನವರಿಗೆ ಆದದ್ದನ್ನು ನೋಡಿದ್ದಳು. ಒಬ್ಬ ಕೈ ಚಾಚಿಕೊಂಡು ಬರುವುದು ಕಂಡದ್ದೇ, ಏರಿನ ನಡುವೆ ಬ್ರೇಕ್ ಹಿಡಿದು ನಿಂತುಬಿಟ್ಟಳು.

"ದೂಡಬೇಡಿ! ಇದು ರೇಸು!"

"ಎಂತಕ್ಕೆ ಕೂಗ್ತೆ ತಂಗಿ? ಪಾಪ ಅಂತ ಬಂದ್ರೆ..."

"ನಿಮ್ಮ ಪಾಪ ನಿಮ್ಮ ಹತ್ರವೇ ಇಟ್ಕೊಳ್ರಿ. ದೂರ ಹೋಗ್ರಿ ಮೊದ್ಲು."

"ಸೊಕ್ಕು ನೋಡು ಇದರದ್ದು!" ಎನ್ನುತ್ತಾ ಅವನು ಪಕ್ಕಕ್ಕೆ ಸರಿದ.

ಏರಿನಲ್ಲಿ ನಿಂತ ಟ್ರೈಸಿಕಲ್ಲನ್ನು ಮತ್ತೆ ಹೊರಡಿಸುವುದು ಸುಲಭವಲ್ಲ. ಗಾಡಿ ಹಿಂದಕ್ಕೆ ಜಾರಿತು. ದೂಡಲು ನನ್ನ ಕೈಯೂ ಮುಂದೆ ಹೋಯಿತು, ಆದರೆ ಪಕ್ಕದಲ್ಲಿದ್ದ ಶಾಲಿನಿ ಮೇಡಂ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹುಡುಗಿ ಹಲ್ಲು ಕಚ್ಚಿ, ಅಡ್ಡಡ್ಡ ತುಳಿದು ಏರು ಹತ್ತಿದಳು. ಎಲ್ಲರಿಗಿಂತ ಕೊನೆಯಲ್ಲಿ ಬಂದಳು. ಜನ ಚಪ್ಪಾಳೆ ತಟ್ಟಿ "ಪಾಪ" ಎಂದರು.

ರೆಫರಿ ಹೇಳಿದರು, ದೂಡಿಸಿಕೊಂಡವರೆಲ್ಲ ಔಟು, ಲೆಕ್ಕಕ್ಕೆ ಉಳಿದವಳು ಸಮೀನಾ ಒಬ್ಬಳೇ. ಸಂಘಟಕ ಹಾರಿಬಿದ್ದ. "ಎಂತಾ ಸರ್, ಇಂಥವರಲ್ಲಿ ಫಸ್ಟು ಲಾಸ್ಟು ಅಂತ ಉಂಟಾ? ಎಲ್ಲರೂ ಗೆದ್ದ ಹಾಗೇ. ಬಂದ ಕ್ರಮದಲ್ಲೇ ಹೆಸರು ಕಳ್ಸಿ."

"ನಾನು ಬಂದದ್ದು ರೇಸು ನೋಡಲಿಕ್ಕೆ, ಸಮಾರಂಭ ನೋಡಲಿಕ್ಕಲ್ಲ" ಎಂದರು ರೆಫರಿ. ಹಾಗಾದರೆ ತಾನೇ ಮೇಲಿನವರಿಗೆ ಬೇರೆ ಹೆಸರು ಕಳಿಸುವುದಾಗಿ ಸಂಘಟಕ ಎಲ್ಲರೆದುರು ಹೇಳಿದ. ಯಾರ ಮಾತು ನಡೆಯುತ್ತದೆಂದು ತಿಳಿಯದೆ ನಾವು ಇಷ್ಟು ದಿನ ಕಾದೆವು.

ಎಲ್ಲರ ಕೊರಳಿಗೂ ಒಂದೇ ಬಗೆಯ ಪದಕ ಹಾಕಿದರು. ಮಂಜುನಾಥ ಪದಕವನ್ನು ಮುಷ್ಟಿಯಲ್ಲಿ ಹಿಡಿದು ನನ್ನನ್ನು ಕೇಳಿದ: "ಅಜ್ಜೀ, ದೂಡಿ ಅಂತ ನಾ ಹೇಳಿದ್ನಾ?"

ದೂಡಿದವನಿಗೆ ಫೋಟೋ ಸಿಕ್ಕಿತು, ಶಿಕ್ಷೆ ಈ ಮಗುವಿಗೆ. ಇವತ್ತು ರೆಫರಿಯ ಮಾತು ನಿಂತಿತು, ಸಮೀನಾಳಿಗೆ ಕರೆ ಬಂತು. ಅವನಿಗೆ ಬರಲಿಲ್ಲ.

ಮಧ್ಯಾಹ್ನ ಅದೇ ಸಂಘಟಕನ ಫೋನು. "ನಮ್ಮ ಕಾರ್ಯಕ್ರಮದಿಂದಲೇ ಆಯ್ಕೆ ಆದ್ಲಲ್ಲ ಅಮ್ಮಾ! ಭಾನುವಾರ ಒಂದು ಸನ್ಮಾನ ಇಟ್ಕೊಂಡಿದ್ದೇವೆ." ನಾಚಿಕೆ ಎಂಬುದೊಂದು ಇರುತ್ತದೆ ಎಂದುಕೊಂಡಿದ್ದೆ.

"ಶಾಲು ಬೇಡ. ನಂದೊಳ್ಳಿ ಹುಡುಗನಿಗೆ ಇನ್ನೊಂದು ರೇಸು ಕೊಡಿಸಿ. ಅವತ್ತು ನಿಮ್ಮವರು ಒಬ್ಬರೂ ರಸ್ತೆಗೆ ಬರ್ಬೇಡಿ."

"ಅದು ನಮ್ಮ ಕೈಲಿಲ್ಲ ಅಮ್ಮಾ."

"ಅವತ್ತು ಬೇಕಾದಷ್ಟು ಕೈ ಇತ್ತಲ್ಲಾ!" ಎಂದು ಫೋನ್ ಇಟ್ಟೆ.

ಸೀಟು ಹೊಲಿಯುವ ಮೊದಲು, ಅದರಲ್ಲಿ ಕೂರುವವನನ್ನು ಹೇಗೆ ಬೇಕೆಂದು ಕೇಳಬೇಕು. ಕೇಳದೆ ನಾವೇ ಮೆತ್ತಗೆ ಮಾಡಿಕೊಟ್ಟರೆ ಅವನ ಸೊಂಟ ಹೋಗುತ್ತದೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಸಂಜೆ ಇಲಿಯಾಸ್ ಬೇಗ ಬಂದ. ಸೊಸೆ ಬಿರಿಯಾನಿ ಮಾಡಿದ್ದಳು. ಎಲ್ಲರೂ ಸುತ್ತ ಕೂತೆವು. "ಇವತ್ತು ಬಡಿಸುವುದು ನಾನೇ" ಎಂದಳು ಸಮೀನಾ. ತುಂಬಿದ ಸೌಟು ಅವಳ ಕೈಯಲ್ಲಿ ಒಂದು ಕಡೆಗೆ ವಾಲಿತು. ಇಲಿಯಾಸನ ಕೈ ತನ್ನಷ್ಟಕ್ಕೇ ಮೇಲೆದ್ದಿತು. ಮಗಳ ಮುಖ ನೋಡಿದವನು ಅದನ್ನು ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡ. ಅರ್ಧ ಅನ್ನ ತಟ್ಟೆಗೆ ಬಿತ್ತು, ಅರ್ಧ ಹಾಸಿದ ಬಟ್ಟೆಗೆ.

"ಅಬ್ಬಾ, ಬಾಯಿ ಬಿಟ್ಕೊಂಡು ಎಂತಾ ನೋಡ್ತೆ? ತಿನ್ನು" ಎಂದು ಗದರಿ ಅವಳು ನನ್ನ ತಟ್ಟೆಗೆ ಬಂದಳು. ಬಟ್ಟೆಯ ಮೇಲೆ ಬಿದ್ದದ್ದನ್ನೂ ಆರಿಸಿಕೊಂಡು ನಾವೆಲ್ಲ ಹೊಟ್ಟೆ ತುಂಬಾ ಉಂಡೆವು.